ಡಿಕ್ಕಿಯ ಮೂಲೆಗೆ ಹೊಲಿದ ಡಬ್ಬಿ

ಕಾರಿನ ಡಿಕ್ಕಿ ತೆರೆದಾಗ ಚಕ್ರದ ಉಬ್ಬಿಗೆ ಬೆನ್ನು ಕೊಟ್ಟು, ಹೊಟ್ಟೆ ಮುಂದೆ ಮಾಡಿ ಕೂತಿರುವ ಫೈಬರ್‌ಗ್ಲಾಸ್ ಸ್ಪೀಕರ್ ಡಬ್ಬಿಯನ್ನು ಕಂಡವರು ಅದನ್ನು ಶೋಕಿಯ ಲೆಕ್ಕಕ್ಕೆ ಬರೆದು ಮುಂದೆ ಹೋಗುತ್ತಾರೆ. ಹಾಗೆ ಬರೆಯುವುದಕ್ಕೆ ಆಧಾರವೂ ಇದೆ. 2004ರಲ್ಲಿ ಎಂಟಿವಿಯಲ್ಲಿ ಶುರುವಾದ ‘ಪಿಂಪ್ ಮೈ ರೈಡ್’ ಕಾರ್ಯಕ್ರಮ ಲಡಾಸು ಕಾರುಗಳಿಗೆ ಹೊಸ ವೇಷ ತೊಡಿಸಿ, ಹೊಳೆಯುವ ಫೈಬರ್‌ಗ್ಲಾಸ್ ಉಬ್ಬುತಗ್ಗುಗಳನ್ನು ಲೋಕಕ್ಕೆಲ್ಲ ತೋರಿಸಿತು. ಅದನ್ನು ನೋಡಿದವರಿಗೆ ಈ ಕೆಲಸ ಟಿವಿಯ ಕೂಸೆಂದೇ ಅನ್ನಿಸಿದ್ದರೆ ತಪ್ಪಿಲ್ಲ. ಆದರೆ ಕೂಸಿನ ಜಾತಕ ಇನ್ನೂ ಹಳೆಯದು. ಕಾರಿನೊಳಗಿನ ಜಾಗದ ಬರ ಈ ಡಬ್ಬಿಯನ್ನು ಬೇಡಿತು, ಸ್ಪೀಕರಿನ ಗಣಿತ ಅದಕ್ಕೆ ಅಪ್ಪಣೆ ಕೊಟ್ಟಿತು, ದೋಣಿ ಕಟ್ಟುವವರ ಕೈಕೆಲಸ ಅದನ್ನು ಮಾಡಿಕೊಟ್ಟಿತು. ಶೋಕಿ ಬಂದದ್ದು ಆಮೇಲೆ ಎಂಬುದು ನನ್ನ ವಾದ.

ಸ್ಪೀಕರಿಗೆ ಡಬ್ಬಿಯಾದರೂ ಯಾಕೆ ಬೇಕು? ಅದರ ಕೋನ್ ಮುಂದಕ್ಕೆ ಸರಿದಾಗ ಎದುರಿನ ಗಾಳಿ ಒತ್ತಿಕೊಳ್ಳುತ್ತದೆ, ಅದೇ ಗಳಿಗೆಯಲ್ಲಿ ಬೆನ್ನ ಹಿಂದಿನ ಗಾಳಿ ಸಡಿಲಾಗುತ್ತದೆ. ಎರಡೂ ಒಂದೆಡೆ ಸೇರಿದರೆ ಒಂದನ್ನೊಂದು ನುಂಗಿಹಾಕುತ್ತವೆ, ಮಂದ್ರದ ಸ್ವರಗಳೇ ಮೊದಲು ಸೊರಗುತ್ತವೆ. ಜನರಲ್ ಎಲೆಕ್ಟ್ರಿಕ್‌ನ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ಇಂದಿನ ಸ್ಪೀಕರಿನ ಮೂಲರೂಪವನ್ನು ಪ್ರಕಟಿಸಿದಾಗಲೇ ಹಿಂದುಮುಂದುಗಳ ನಡುವೆ ಒಂದು ಅಡ್ಡಗೋಡೆ ಬೇಕೆಂಬುದು ತಿಳಿದಿತ್ತು. ಎಷ್ಟು ದೊಡ್ಡ ಡಬ್ಬಿ ಎಂಬುದು ಮಾತ್ರ ಬಹುಕಾಲ ಅಂದಾಜಿನ ವಿಷಯವಾಗಿಯೇ ಉಳಿಯಿತು. ಒಳ್ಳೆಯ ಬೇಸ್ ಬೇಕಾದವರು ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಇಟ್ಟುಕೊಳ್ಳುತ್ತಿದ್ದರು. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ತಂದ ಎಆರ್-1 ಈ ನಂಬಿಕೆಗೆ ಮೊದಲ ಪೆಟ್ಟು ಕೊಟ್ಟಿತು. ಸಣ್ಣ ಪೆಟ್ಟಿಗೆಯನ್ನು ಬಿಗಿಯಾಗಿ ಮುಚ್ಚಿ, ಒಳಗೆ ಸಿಕ್ಕಿಬಿದ್ದ ಗಾಳಿಯನ್ನೇ ಸ್ಪ್ರಿಂಗಿನಂತೆ ದುಡಿಸಿಕೊಂಡರೆ ಪುಸ್ತಕದ ಕಪಾಟಿನಲ್ಲಿ ಹಿಡಿಸುವ ಡಬ್ಬಿಯಿಂದಲೂ ಆಳದ ಸ್ವರ ಹೊರಡುತ್ತದೆಂದು ಆತ ತೋರಿಸಿಕೊಟ್ಟ. ಗಾಳಿಗಂಡಿಯಿರುವ ಡಬ್ಬಿಗಳ ಲೆಕ್ಕವನ್ನು ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲೇ ಬಿಡಿಸಿಟ್ಟಿದ್ದ. ಅಮೆರಿಕದ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆ ಅದನ್ನು 1971ರಲ್ಲಿ ಮರುಮುದ್ರಿಸಿದ ಮೇಲೆ ಅದು ಎಲ್ಲರ ಕೈಗೆ ಸಿಕ್ಕಿತು. ಸಿಡ್ನಿಯಲ್ಲಿ ಸಂಶೋಧನೆ ಮಾಡಿದ ರಿಚರ್ಡ್ ಸ್ಮಾಲ್ 1972-73ರ ಲೇಖನಗಳಲ್ಲಿ ಆ ಲೆಕ್ಕವನ್ನು ಬೆಳೆಸಿದ. ಸ್ಪೀಕರಿನ ಜೊತೆ ಬರುವ ಚೀಟಿಯಲ್ಲಿ ಇಂದಿಗೂ ಅಚ್ಚಾಗುವ ಅಂಕಿಗಳಿಗೆ ಈ ಇಬ್ಬರದೇ ಹೆಸರು.

ಕುಶಲಕರ್ಮಿಗೆ ಈ ಗಣಿತದಿಂದ ಸಿಕ್ಕ ದೊಡ್ಡ ಲಾಭ ಅದರ ಒಂದು ಮೌನದಲ್ಲಿದೆ: ಡಬ್ಬಿಯೊಳಗೆ ಎಷ್ಟು ಲೀಟರ್ ಗಾಳಿ ಹಿಡಿಯಬೇಕೆಂದು ಅದು ಹೇಳುತ್ತದೆ, ಡಬ್ಬಿ ಯಾವ ಆಕಾರದಲ್ಲಿರಬೇಕೆಂದು ಹೇಳುವುದೇ ಇಲ್ಲ. ಸೆಕೆಂಡಿಗೆ 50 ಬಾರಿ ಕಂಪಿಸುವ ಮಂದ್ರ ಸ್ವರದ ಅಲೆ ಗಾಳಿಯಲ್ಲಿ ಸುಮಾರು 7 ಮೀಟರ್ ಉದ್ದ. ಅದರೆದುರು ಒಂದೂವರೆ ಅಡಿಯ ಡಬ್ಬಿ ಯಾವ ಲೆಕ್ಕ? ಒಳಗಿನ ಒತ್ತಡ ಎಲ್ಲ ಮೂಲೆಗಳಲ್ಲೂ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುತ್ತದೆ. ಕೊಳಗ ದುಂಡಗಿದ್ದರೂ ಚೌಕವಿದ್ದರೂ ಹಿಡಿಯುವ ರಾಗಿ ಅಷ್ಟೇ ಅಲ್ಲವೇ? ಮರದ ಹಲಗೆಗಳಿಂದ ಮಾಡುತ್ತಿದ್ದ ಕಾರಣಕ್ಕೆ ಸ್ಪೀಕರ್ ಪೆಟ್ಟಿಗೆ ಚೌಕವಾಗಿತ್ತೇ ವಿನಾ ಸ್ವರಕ್ಕೆ ಆ ಚೌಕದ ಹಂಗು ಇರಲಿಲ್ಲ.

ಬೇಕಾದ ಆಕಾರಕ್ಕೆ ಬಗ್ಗುವ ವಸ್ತು ಅಷ್ಟರಲ್ಲಿ ಬೇರೆ ಕಸುಬುಗಳಲ್ಲಿ ಪಳಗಿತ್ತು. ಅಮೆರಿಕದ ಓಹಾಯೊದಲ್ಲಿ 1932ರಲ್ಲಿ ಡೇಲ್ ಕ್ಲೈಸ್ಟ್ ಎಂಬ ಯುವ ಸಂಶೋಧಕ ಗಾಜಿನ ಇಟ್ಟಿಗೆಗಳನ್ನು ಬೆಸೆಯಲು ಹೊರಟಿದ್ದಾಗ, ರಭಸದ ಗಾಳಿಗೆ ಸಿಕ್ಕ ಕರಗಿದ ಗಾಜು ನೂಲಿನಂತೆ ಹಾರಿತು. ಅಲ್ಲಿಂದ ಗಾಜಿನ ನಾರನ್ನು ಅಗ್ಗವಾಗಿ ತಯಾರಿಸುವ ದಾರಿ ತೆರೆಯಿತು. ನಾರನ್ನು ಹಿಡಿದಿಡುವ ಪಾಲಿಯೆಸ್ಟರ್ ರೆಸಿನ್ ಅದೇ ದಶಕದಲ್ಲಿ ರೂಪುಗೊಂಡಿತು. ಎರಡೂ ಸೇರಿದ ಈ ಹೊಸ ಪದಾರ್ಥದ ಮೂಲಕ ರೇಡಿಯೊ ಅಲೆಗಳು ಸುಲಭವಾಗಿ ಹಾಯುತ್ತವೆಂದು ಎರಡನೇ ಮಹಾಯುದ್ಧದಲ್ಲಿ ವಿಮಾನಗಳ ರೇಡಾರಿಗೆ ಅದರ ಟೋಪಿ ಮಾಡಿದರು. 1942ರಲ್ಲಿ ಓಹಾಯೊದ ಟೊಲೀಡೊದಲ್ಲಿ ರೇ ಗ್ರೀನ್ ಅದರಿಂದ ಪುಟ್ಟ ದೋಣಿ ಕಟ್ಟಿದ. ನನ್ನ ವಾದಕ್ಕೆ ಎಲ್ಲಕ್ಕಿಂತ ಬಲವಾದ ಸಾಕ್ಷಿ 1953ರ ಷೆವ್ರೊಲೆ ಕಾರ್ವೆಟ್. ಮೊದಲ ವರ್ಷ ತಯಾರಾದ ಕಾರುಗಳು ಬರೀ 300, ಎಲ್ಲದಕ್ಕೂ ಫೈಬರ್‌ಗ್ಲಾಸಿನದೇ ಮೈ. ಉಕ್ಕಿನ ತಗಡನ್ನು ಒತ್ತುವ ಅಚ್ಚುಗಳಿಗೆ ಸುರಿಯುವ ಹಣ ಲಕ್ಷಗಟ್ಟಲೆ ಕಾರು ಮಾರಿದರೆ ಮಾತ್ರ ವಾಪಸಾಗುತ್ತದೆ. ಕೆಲವೇ ನೂರಕ್ಕೆ ಫೈಬರ್‌ಗ್ಲಾಸೇ ಅಗ್ಗ. ಸ್ಪೀಕರ್ ಡಬ್ಬಿಯ ವಿಷಯದಲ್ಲಿ ಆ ಕೆಲವು ನೂರು ಕೂಡ ಇಲ್ಲ, ಒಂದೇ ಒಂದು.

ಇನ್ನು ಜಾಗದ ಬರ. ಉದ್ದನೆಯ ಸೆಡಾನುಗಳ ಕಾಲದಲ್ಲಿ ಡಬ್ಬಿಯ ಚಿಂತೆಯೇ ಇರಲಿಲ್ಲ: ಹಿಂದಿನ ಗಾಜಿನಡಿಯ ಹಲಗೆಯಲ್ಲಿ ತೂತು ಕೊರೆದು ಎರಡು ಅಂಡಾಕಾರದ ಸ್ಪೀಕರ್ ಕೂರಿಸಿದರೆ ಡಿಕ್ಕಿಯೇ ಡಬ್ಬಿ. 1973ರ ತೈಲ ಬಿಕ್ಕಟ್ಟು ಮತ್ತು 1975ರ ಇಂಧನ ಕಾನೂನಿನ ಬಳಿಕ ಅಮೆರಿಕದ ಕಾರುಗಳು ಮೈ ಇಳಿಸಿಕೊಂಡವು, ಹಿಂಬಾಗಿಲಿನ ಹ್ಯಾಚ್‌ಬ್ಯಾಕುಗಳು ಹೆಚ್ಚಿದವು. ಹ್ಯಾಚ್‌ಬ್ಯಾಕಿನಲ್ಲಿ ಡಿಕ್ಕಿಗೂ ಸೀಟಿಗೂ ನಡುವೆ ಗೋಡೆಯೇ ಇಲ್ಲ. ಭಾರತದ ರಸ್ತೆಗೆ 1983ರ ಡಿಸೆಂಬರಿನಲ್ಲಿ ಇಳಿದ ಮಾರುತಿ 800ರ ಕಥೆಯೂ ಅದೇ. ಅಲ್ಲಿ ಚೌಕ ಪೆಟ್ಟಿಗೆ ಇಟ್ಟರೆ ಸೂಟ್‌ಕೇಸಿಗೆ ಜಾಗವಿಲ್ಲ, ಸೂಟ್‌ಕೇಸಿಟ್ಟರೆ ಹಾಡಿಲ್ಲ. ಖಾಲಿ ಉಳಿದದ್ದು ಚಕ್ರದ ಉಬ್ಬಿನ ಹಿಂದಿನ ಆ ಸೊಟ್ಟ ಮೂಲೆ ಮಾತ್ರ.

ಆ ಮೂಲೆಯನ್ನು ಹಿಡಿಯುವ ವಿಧಾನದಲ್ಲಿ ಅಳತೆಪಟ್ಟಿಗೆ ಕೆಲಸ ಕಡಿಮೆ. ಲೋಹದ ಮೇಲೆ ಮಾಸ್ಕಿಂಗ್ ಟೇಪ್ ಹಚ್ಚಿ, ಅಂಟದಿರಲೆಂದು ಅಲ್ಯೂಮಿನಿಯಂ ಹಾಳೆ ಹೊದಿಸಿ, ಗಾಜುನಾರಿನ ಮ್ಯಾಟನ್ನು ತುಂಡು ತುಂಡಾಗಿ ಹರಡಿ, ಹಾರ್ಡನರ್ ಬೆರೆಸಿದ ರೆಸಿನ್ ಕುಡಿಸುತ್ತಾರೆ. ಹಾರ್ಡನರ್ ನೂರಕ್ಕೆ ಒಂದೆರಡು ಪಾಲು. ಹೆಚ್ಚಾದರೆ ಬಟ್ಟಲಿನಲ್ಲೇ ಕಾದು ಗಟ್ಟಿಯಾಗುತ್ತದೆ. ಒಣಗಿದ ಮೇಲೆ ಎಬ್ಬಿಸಿದರೆ ಕಾರಿನ ಮೂಲೆಯ ಪಡಿಯಚ್ಚು ಕೈಗೆ ಬರುತ್ತದೆ. ಮುಂದೆ ಸ್ಪೀಕರಿಗೆಂದು ಎಂಡಿಎಫ್ ಎಂಬ, ಮರದ ನಾರನ್ನು ಒತ್ತಿ ಮಾಡಿದ ಹಲಗೆಯ ಬಳೆಯೊಂದನ್ನು ಕಡ್ಡಿಗಳ ಮೇಲೆ ನಿಲ್ಲಿಸಿ, ಬಳೆಯಿಂದ ಅಚ್ಚಿನ ಅಂಚಿನವರೆಗೆ ಹಿಗ್ಗುವ ಬಟ್ಟೆಯನ್ನು ಡೇರೆಯಂತೆ ಎಳೆದು ಕಟ್ಟುತ್ತಾರೆ. ಬಟ್ಟೆ ತಾನೇ ಬಾಗು ಕಂಡುಕೊಳ್ಳುತ್ತದೆ. ಅದಕ್ಕೂ ರೆಸಿನ್ ಕುಡಿಸಿ, ಗಟ್ಟಿಯಾದ ಮೇಲೆ ಒಳಗಿನಿಂದ ಮ್ಯಾಟಿನ ಪದರ ಕೊಟ್ಟು, ಹೊರಗೆ ಪುಟ್ಟಿ ಬಳಿದು ಉಜ್ಜುತ್ತಾರೆ. ಒಳಗೆಷ್ಟು ಲೀಟರ್ ಎಂದು ತಿಳಿಯಲು ಅಕ್ಕಿಯನ್ನೋ ಥರ್ಮೊಕೋಲ್ ಗುಂಡುಗಳನ್ನೋ ತುಂಬಿ, ಮತ್ತೆ ಚೌಕ ಪೆಟ್ಟಿಗೆಗೆ ಸುರಿದು ಅಳೆಯುತ್ತಾರೆ. ಮಂದ್ರಕ್ಕೆಂದೇ ಇರುವ ಸ್ಪೀಕರಾದ ಸಬ್‌ವೂಫರ್ 10 ಇಂಚಿನದಿದ್ದರೆ, ಅದಕ್ಕೆ ಮುಚ್ಚಿದ ಡಬ್ಬಿಯಾದರೆ ಸಾಮಾನ್ಯವಾಗಿ 15ರಿಂದ 30 ಲೀಟರ್ ಸಾಕು, ಸೊಟ್ಟ ಮೂಲೆಯಲ್ಲಿ ಅಷ್ಟು ಸಿಕ್ಕೇ ಸಿಗುತ್ತದೆ.

ಮರಗೆಲಸ ಬಲ್ಲವರು ಇಲ್ಲಿ ತಕರಾರು ತೆಗೆಯುತ್ತಾರೆ: ಎಂಡಿಎಫ್ ಅಗ್ಗ, ಕೆಲಸ ಒಂದು ದಿನದ್ದು, ತೂಕವಿರುವುದರಿಂದ ಅದುರುವುದೂ ಕಡಿಮೆ. ಮಾತು ನಿಜ. ವೀಣೆಯ ಕೊಡ ತಂತಿಯೊಡನೆ ತಾನೂ ನುಡಿಯಬೇಕು. ಸ್ಪೀಕರಿನ ಡಬ್ಬಿ ಮೂಕವಾಗಿದ್ದಷ್ಟೂ ಒಳ್ಳೆಯದು. ತೆಳ್ಳಗೆ ಎಳೆದ ಚಪ್ಪಟೆ ಫೈಬರ್‌ಗ್ಲಾಸ್ ಹಾಳೆ ಖಂಡಿತ ನಡುಗುತ್ತದೆ. ಅದರ ಗಟ್ಟಿತನ ಇರುವುದು ಬಾಗಿನಲ್ಲಿ, ಮಡಕೆಯ ಹೊಟ್ಟೆಯಲ್ಲಿರುವಂತೆ. ಡಿಕ್ಕಿ ವಿಶಾಲವಾಗಿದ್ದು ಜಾಗ ಬಿಟ್ಟುಕೊಡಲು ಮನಸ್ಸಿದ್ದರೆ ಎಂಡಿಎಫ್ ಪೆಟ್ಟಿಗೆಯೇ ಸರಿ, ಫೈಬರ್‌ಗ್ಲಾಸಿಗೆ ದುಡ್ಡು ಸುರಿಯುವುದು ದಂಡ. ಇದನ್ನು ಒಪ್ಪಿದರೆ ನನ್ನ ವಾದಕ್ಕೇನೂ ನಷ್ಟವಿಲ್ಲ, ಜಾಗವಿದ್ದಲ್ಲಿ ಈ ಡಬ್ಬಿಗೆ ಕೆಲಸವಿಲ್ಲ ಎಂದಷ್ಟೇ ಆಯಿತು. ಇನ್ನೊಂದು ಆಕ್ಷೇಪ ಮತ್ತೆ ಶೋಕಿಯದು. 1980ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದಲ್ಲಿ ಕಾರ್ ಆಡಿಯೊ ಸ್ಪರ್ಧೆಗಳು ಜೋರಾಗಿ, ನೋಟಕ್ಕೂ ಅಂಕ ಬಿದ್ದದ್ದರಿಂದ ಕೆಲಸದ ಹೊಳಪು ಹೆಚ್ಚಿತು. ಆದರೆ ಅದಕ್ಕೂ ಮೊದಲೇ, 1983ರ ಮಾದರಿಯ ಕ್ಯಾಡಿಲ್ಯಾಕ್ ಸೆವಿಲ್‌ಗೆ ಬೋಸ್ ಮತ್ತು ಡೆಲ್ಕೊ ಕಂಪನಿಗಳು ಸ್ಪೀಕರ್‌ಗಳನ್ನು ಅವುಗಳದೇ ಡಬ್ಬಿಗಳೊಂದಿಗೆ, ಆ ಕಾರಿನ ಒಳಾಂಗಣಕ್ಕೆ ಹೊಂದಿಸಿ ಕೂರಿಸಿದ್ದವು. ಸ್ಪರ್ಧೆಯ ಬಹುಮಾನ ಅವಕ್ಕೆ ಬೇಕಿರಲಿಲ್ಲ. ಕಂಪನಿ ಸಾವಿರಾರು ಕಾರುಗಳಿಗೆ ಮಾಡಿದ್ದನ್ನೇ ಗ್ಯಾರೇಜಿನವನು ಒಂದು ಕಾರಿಗೆ ಕೈಯಲ್ಲಿ ಮಾಡಿದ.

ಕರ್ನಾಟಕದಲ್ಲಿ ಫೈಬರ್‌ಗ್ಲಾಸ್ ಹೊಸದೇನಲ್ಲ. ಮಲ್ಪೆ, ಮಂಗಳೂರಿನ ಕಡಲಿಗಿಳಿಯುವ ಫೈಬರ್ ದೋಣಿಗಳ ಮೈಯೂ ಇದೇ ಮ್ಯಾಟು, ಇದೇ ರೆಸಿನ್. ಕಾರಿನ ಸರಂಜಾಮಿಗೆ ಹೆಸರಾದ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಡಬ್ಬಿ ಮಾಡಿಸಲು ಹೋಗುವವರು ಬೇಸಿನ ಜೊತೆ ಇನ್ನೊಂದನ್ನೂ ವಿಚಾರಿಸಬೇಕು: ರೆಸಿನ್‌ನಿಂದ ಏಳುವ ಸ್ಟೈರೀನ್ ಆವಿಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2018ರಲ್ಲಿ ಬಹುಶಃ ಕ್ಯಾನ್ಸರ್‌ಕಾರಕ ಎಂಬ ವರ್ಗಕ್ಕೆ ಸೇರಿಸಿದೆ, ಮ್ಯಾಟ್ ಹರಿಯುವ ಹುಡುಗನಿಗೆ ಮಾಸ್ಕ್ ಇದೆಯೇ? ಒಂದು ಕಾರಿಗೆ ಮಾಡಿದ ಡಬ್ಬಿ ಇನ್ನೊಂದಕ್ಕೆ ಕೂರುವುದಿಲ್ಲವಾದ್ದರಿಂದ ಈ ಕಸುಬಿನ ಹಳೆಯ ಮಾದರಿಗಳು ಕಾರಿನೊಡನೆಯೇ ಗುಜರಿಗೆ ಹೋಗುತ್ತಿವೆ. ನಿಮ್ಮ ಹಳೆಯ ಕಾರಿನಲ್ಲಿ ಅಂಥದ್ದೊಂದಿದ್ದರೆ ಕೊಡುವ ಮುಂಚೆ ಕಳಚಿ, ಬೆನ್ನು ತಿರುಗಿಸಿ ನೋಡಿ. ಚಕ್ರದ ಉಬ್ಬು, ತಗಡಿನ ಬೆಸುಗೆ, ಮಾಸ್ಕಿಂಗ್ ಟೇಪಿನ ಗೆರೆ ಎಲ್ಲವೂ ಅದರಲ್ಲಿ ಹಾಗೇ ಮೂಡಿರುತ್ತವೆ.