ಮೂರು ದಿನ ತೆರೆದ ಬಾಗಿಲು

ಪಾಂಡವಪುರ ತಾಲ್ಲೂಕಿನ ತೊಣ್ಣೂರು ಮತ್ತು ಮೇಲುಕೋಟೆ ಆಶ್ರಯ ಅರಸಿ ಬಂದ ಸಂನ್ಯಾಸಿಯೊಬ್ಬರ ನೆನಪನ್ನು ಇಂದಿಗೂ ಕಾಪಾಡಿಕೊಂಡು ಬಂದಿರುವ ಊರುಗಳು. ಆ ಸಂನ್ಯಾಸಿ ಶ್ರೀವೈಷ್ಣವ ಆಚಾರ್ಯ ರಾಮಾನುಜರು.

ಗುರುಪರಂಪರೆಯ ಕಥನಗಳ ಪ್ರಕಾರ, ಶಿವಭಕ್ತನಾದ ಚೋಳ ದೊರೆಯ ಕಿರುಕುಳಕ್ಕೆ ಸಿಲುಕಿದ ರಾಮಾನುಜರು ಕಾವಿ ಕಳಚಿ, ಬಿಳಿ ಬಟ್ಟೆ ಉಟ್ಟು ಶ್ರೀರಂಗವನ್ನು ಬಿಟ್ಟರು. ಅವರ ಕಾವಿಯನ್ನು ಧರಿಸಿ ರಾಜಸಭೆಗೆ ಹೋದ ಶಿಷ್ಯ ಕೂರೇಶರು ಕಣ್ಣು ಕಳೆದುಕೊಂಡರು. ಆ ದೊರೆ ಯಾರೆಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಆದರೆ ರಾಮಾನುಜರು ಹೊಯ್ಸಳ ನಾಡಿಗೆ ಬಂದದ್ದಕ್ಕೆ ರಾಜಕೀಯ ಕಾರಣವೂ ಕಾಣುತ್ತದೆ. ಹೊಯ್ಸಳರು ಚೋಳರ ವಿರೋಧಿಗಳು. 1116ರಲ್ಲಿ ವಿಷ್ಣುವರ್ಧನ ಚೋಳರಿಂದ ತಲಕಾಡನ್ನು ಗೆದ್ದುಕೊಂಡ. ಚೋಳರ ಕೈ ಚಾಚದ ನೆಲದಲ್ಲಿ ಆಚಾರ್ಯರಿಗೆ ನೆಲೆ ಸಿಕ್ಕಿತು. ಅವರು ಮೇಲುಕೋಟೆಯಲ್ಲಿ ಹನ್ನೆರಡು ವರ್ಷ ಇದ್ದರೆಂಬುದು ಸಂಪ್ರದಾಯದ ನಂಬಿಕೆ.

ಮೇಲುಕೋಟೆಯ ಉತ್ಸವಮೂರ್ತಿ ಚೆಲುವಪಿಳ್ಳೆಯನ್ನು ರಾಮಾನುಜರು ದೆಹಲಿಯ ಸುಲ್ತಾನನಿಂದ ಮರಳಿ ತಂದರು, ಆಗ ಅಸ್ಪೃಶ್ಯರೆನಿಸಿಕೊಂಡವರು ಅವರಿಗೆ ನೆರವಾದರು ಎಂಬ ಐತಿಹ್ಯವಿದೆ. ದೆಹಲಿಯಲ್ಲಿ ಸುಲ್ತಾನರ ಆಳ್ವಿಕೆ ಆರಂಭವಾದದ್ದು 1206ರಲ್ಲಿ. ಹಾಗಾಗಿ ಈ ಕಥೆ ಕಾಲಗಣನೆಗೆ ಹೊಂದುವುದಿಲ್ಲ. ಆದರೂ ಅದರೊಂದಿಗೆ ಬೆಸೆದುಕೊಂಡ ಪದ್ಧತಿ ಮಾತ್ರ ಕಟ್ಟುಕಥೆಯಲ್ಲ. ನೆರವಾದವರ ವಂಶದವರಿಗೆ 'ತಿರುಕುಲದವರು', ಅಂದರೆ ಪವಿತ್ರ ಕುಲದವರು ಎಂಬ ಹೆಸರು ಬಂತು. ವರ್ಷಕ್ಕೆ ಮೂರು ದಿನ ದೇವಾಲಯ ಪ್ರವೇಶದ ಹಕ್ಕೂ ಅವರಿಗೆ ದೊರೆಯಿತು.

ಊರ ಹೊರಗೆ ಬದುಕುತ್ತಿದ್ದವರಿಗೆ ಈ ಮೂರು ದಿನ ಸಣ್ಣದಾಗಿರಲಿಲ್ಲ. ದೇವರು ತಮಗೂ ಸೇರಿದವನು ಎಂದು ಹೇಳಿಕೊಳ್ಳಲು ಅದೊಂದು ಆಧಾರ. ಹಿರಿಯರು ಮಕ್ಕಳಿಗೆ ಬಿಟ್ಟುಹೋಗಬಹುದಾದ ಅಭಿಮಾನ. ತಾವೇ ನೆಲೆ ತಪ್ಪಿ ಅಲೆದ ಗುರು, ಹೊರಗೆ ನಿಂತವರ ನೋವನ್ನು ಅರಿತರೆಂದು ಭಕ್ತರು ನಂಬಿದರೆ ಅಚ್ಚರಿಯಿಲ್ಲ.

ಆದರೆ ಉಳಿದ ದಿನಗಳ ಮಾತೇನು? ಬಾಗಿಲು ಮತ್ತೆ ಮುಚ್ಚುತ್ತಿತ್ತು. ಮೂರು ದಿನದ ರಿಯಾಯಿತಿಯೇ ಉಳಿದ ದಿನಗಳ ನಿಷೇಧವನ್ನು ಎತ್ತಿ ತೋರುತ್ತಿತ್ತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಪಡಿಸಿತು. ದೇವಾಲಯ ಪ್ರವೇಶಕ್ಕೆ ಅಡ್ಡಿಪಡಿಸುವುದನ್ನು 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಶಿಕ್ಷಾರ್ಹಗೊಳಿಸಿತು.

ಭಕ್ತಿಯಿಂದ ಮೂರು ದಿನ ತೆರೆದ ಬಾಗಿಲು ಹಕ್ಕಾಗಿ ವರ್ಷವಿಡೀ ತೆರೆಯಲು ಎಂಟು ಶತಮಾನಗಳೇ ಬೇಕಾದವು. ಅಷ್ಟೂ ಕಾಲ ಭರವಸೆ ಆರದಂತೆ ಕಾಯ್ದವರು ತಿರುಕುಲದವರು. ಮೇಲುಕೋಟೆಯ ಚರಿತ್ರೆಯಲ್ಲಿ ಆಚಾರ್ಯರ ಹೆಸರಿನ ಜೊತೆಗೆ ಅವರ ಹೆಸರೂ ಉಳಿದಿರುವುದು ನ್ಯಾಯವೇ ಆಗಿದೆ.