ಎಂ.ಆರ್.ಐ. ಕೇಳುವ ಪ್ರಶ್ನೆ ಬದಲಾದ ಕಥೆ



ನಮ್ಮ ಕಾಸರಗೋಡು ಕಡೆಯ ಮನೆಗಳಲ್ಲಿ ದೊಡ್ಡ ಕಾಯಿಲೆ ಎಂದರೆ ತಲಪಾಡಿ ದಾಟಿ ಮಂಗಳೂರಿಗೆ ಓಡುವುದು ಹೊಸತಲ್ಲ. ಸ್ತನ ಕ್ಯಾನ್ಸರಿಗೆ ಕಿಮೊಥೆರಪಿ ನಡೆಯುತ್ತಿರುವಾಗಲೇ ವೈದ್ಯರು ಇನ್ನೊಂದು ಎಂ.ಆರ್.ಐ. ಬರೆದುಕೊಟ್ಟರೆ ಮನೆಯವರ ಎದೆ ಧಸಕ್ಕೆನ್ನುತ್ತದೆ. ಗಡ್ಡೆ ಇದೆಯೆಂದು ಗೊತ್ತಾಗಿದೆಯಲ್ಲ, ಮತ್ತೆ ಯಾಕೆ ಸ್ಕ್ಯಾನಿಂಗ್? ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1971ರಲ್ಲಿ ನ್ಯೂಯಾರ್ಕಿನ ವೈದ್ಯ ರೇಮಂಡ್ ಡಮಾಡಿಯನ್ ಇಲಿಗಳ ಅಂಗಾಂಶಗಳನ್ನು ಬಲವಾದ ಅಯಸ್ಕಾಂತದ ನಡುವೆ ಇಟ್ಟು ಪರೀಕ್ಷಿಸಿದರು. ನಮ್ಮ ದೇಹದಲ್ಲಿ ತುಂಬಿರುವ ನೀರಿನ ಹೈಡ್ರೋಜನ್ ಕಣಗಳನ್ನು ರೇಡಿಯೋ ಅಲೆಯಿಂದ ಅಲುಗಾಡಿಸಿದರೆ ಅವು ಮತ್ತೆ ತಮ್ಮ ಸ್ಥಿತಿಗೆ ಮರಳಲು ಒಂದಿಷ್ಟು ಸಮಯ ಬೇಕು. ಕ್ಯಾನ್ಸರ್ ಗಡ್ಡೆಯಲ್ಲಿ ಆ ಸಮಯ ಹೆಚ್ಚು ಎಂದು ಅವರು ಕಂಡರು. ಆಗ ಚಿತ್ರವೇ ಇರಲಿಲ್ಲ, ಬರೀ ಅಳತೆ. ಚಿತ್ರ ಮೂಡಿಸುವ ದಾರಿಯನ್ನು 1973ರಲ್ಲಿ ತೋರಿಸಿದವರು ಪಾಲ್ ಲಾಟರ್‌ಬರ್. ಅವರ ಲೇಖನವನ್ನು 'ನೇಚರ್' ಪತ್ರಿಕೆ ಮೊದಲು ತಿರಸ್ಕರಿಸಿತ್ತು! (ಪರೀಕ್ಷೆಯಲ್ಲಿ ಫೇಲಾದ ನಮ್ಮ ಗೆಳೆಯರು ಇದನ್ನು ಗಮನಿಸಲಿ.) 2003ರ ನೊಬೆಲ್ ಲಾಟರ್‌ಬರ್ ಮತ್ತು ಬ್ರಿಟನ್ನಿನ ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ ಬಂತು. ಹೊರಗುಳಿದ ಡಮಾಡಿಯನ್ ಪತ್ರಿಕೆಗಳಲ್ಲಿ ಇಡೀ ಪುಟದ ಜಾಹೀರಾತು ಕೊಟ್ಟು ಪ್ರತಿಭಟಿಸಿದರು. ಅವರ ಸಂಕಟ ನಮಗೆ ಅರ್ಥವಾಗುತ್ತದೆ.

ಆದರೆ ಸ್ತನದ ಎಂ.ಆರ್.ಐ. ನಿಜವಾಗಿ ಉಪಯೋಗಕ್ಕೆ ಬಂದದ್ದು ಗಡೋಲಿನಿಯಂ ಇಂಜೆಕ್ಷನ್ ಸೇರಿದ ಮೇಲೆ. 1986ರಲ್ಲಿ ಜರ್ಮನಿಯ ಸಿಲ್ವಿಯಾ ಹೇವಾಂಗ್ ಮತ್ತು ಸಂಗಡಿಗರು ಇದರ ಬಗ್ಗೆ ಬರೆದರು. ಬೆಳೆಯುವ ಗಡ್ಡೆ ತನಗಾಗಿ ಹೊಸ ರಕ್ತನಾಳಗಳನ್ನು ಮಾಡಿಕೊಳ್ಳುತ್ತದೆ. ಅವಸರದಲ್ಲಿ ಕಟ್ಟಿದ ಆ ನಾಳಗಳು ಸೋರುತ್ತವೆ. ಹಾಗಾಗಿ ಔಷಧ ಅಲ್ಲಿಗೆ ಬೇಗ ನುಗ್ಗುತ್ತದೆ, ಎಷ್ಟೋ ಸಲ ಬೇಗನೆ ಹೊರಗೂ ಹೋಗುತ್ತದೆ. ನಿಮಿಷಗಳ ಅಂತರದಲ್ಲಿ ತೆಗೆದ ಚಿತ್ರಗಳನ್ನು ಹೋಲಿಸಿದರೆ ಗಡ್ಡೆಯ ಗಾತ್ರದ ಜೊತೆಗೆ ಅದರ ಯಾವ ಭಾಗ ಚುರುಕಾಗಿದೆ ಎಂಬುದೂ ತಿಳಿಯುತ್ತದೆ.

ಇದೇ ಹೊತ್ತಿಗೆ ಚಿಕಿತ್ಸೆಯ ಕ್ರಮವೂ ಬದಲಾಗುತ್ತಿತ್ತು. ಮೊದಲು ಶಸ್ತ್ರಚಿಕಿತ್ಸೆ, ಆಮೇಲೆ ಕಿಮೊಥೆರಪಿ ಎಂಬುದು ವಾಡಿಕೆ. ಅಮೆರಿಕದ ಬರ್ನಾರ್ಡ್ ಫಿಶರ್ ನೇತೃತ್ವದಲ್ಲಿ 1988ರಲ್ಲಿ ಶುರುವಾದ ಬಿ-18 ಎಂಬ ಅಧ್ಯಯನ 1,523 ಮಹಿಳೆಯರಲ್ಲಿ ಎರಡೂ ಕ್ರಮಗಳನ್ನು ಹೋಲಿಸಿತು. ಬದುಕುಳಿಯುವ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಕಿಮೊಥೆರಪಿ ಮೊದಲು ಪಡೆದು, ಶಸ್ತ್ರಚಿಕಿತ್ಸೆಯ ಹೊತ್ತಿಗೆ ಗಡ್ಡೆ ಪೂರ್ತಿ ಕರಗಿದ್ದವರ ಮುಂದಿನ ದಿನಗಳು ಚೆನ್ನಾಗಿದ್ದವು. ಅಂದರೆ ಗಡ್ಡೆಯನ್ನು ಸ್ವಲ್ಪ ದಿನ ಒಳಗೇ ಬಿಟ್ಟರೆ, ಔಷಧ ಕೆಲಸ ಮಾಡುತ್ತಿದೆಯೇ ಇಲ್ಲವೇ ಎಂದು ಕಣ್ಣಾರೆ ನೋಡಬಹುದು. ನೋಡಲು ಸಾಧನ ಬೇಕಿತ್ತು, ಎಂ.ಆರ್.ಐ. ಸಿದ್ಧವಿತ್ತು.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೋ ಕೇಂದ್ರದ ಶಸ್ತ್ರಚಿಕಿತ್ಸಕಿ ಲಾರಾ ಎಸರ್‌ಮನ್ ಮತ್ತು ಎಂ.ಆರ್.ಐ. ವಿಜ್ಞಾನಿ ನೋಲಾ ಹಿಲ್ಟನ್ ಇದನ್ನು 'ಐ-ಸ್ಪೈ' ಅಧ್ಯಯನದಲ್ಲಿ ಪರೀಕ್ಷೆಗೆ ಒಡ್ಡಿದರು. 2002ರಿಂದ 2006ರವರೆಗೆ, 3 ಸೆಂಟಿಮೀಟರ್ ಅಥವಾ ಅದಕ್ಕಿಂತ ದೊಡ್ಡ ಗಡ್ಡೆಯಿದ್ದ ಮಹಿಳೆಯರು ಇದರಲ್ಲಿ ಸೇರಿದರು. ಒಬ್ಬೊಬ್ಬರಿಗೂ ನಾಲ್ಕು ಸಲ ಎಂ.ಆರ್.ಐ.: ಕಿಮೊಥೆರಪಿಗೆ ಮುಂಚೆ, ಮೊದಲ ಸುತ್ತಿನ ನಂತರ, ಔಷಧ ಬದಲಿಸುವಾಗ, ಶಸ್ತ್ರಚಿಕಿತ್ಸೆಗೆ ಮುಂಚೆ. 2012ರಲ್ಲಿ 216 ಮಹಿಳೆಯರ ಫಲಿತಾಂಶ ಪ್ರಕಟವಾಯಿತು. ಗಡ್ಡೆ ಎಷ್ಟು ಕರಗಬಹುದೆಂದು ಊಹಿಸಲು ಕೈಯಿಂದ ಮುಟ್ಟಿ ಅಳೆಯುವುದಕ್ಕಿಂತ ಎಂ.ಆರ್.ಐ. ಮೇಲಾಗಿತ್ತು. ಅದರಲ್ಲೂ ಉದ್ದಗಲಕ್ಕಿಂತ, ಚುರುಕಾದ ಭಾಗದ ಒಟ್ಟು ಘನ ಅಳತೆ ಚಿಕಿತ್ಸೆಯ ಆರಂಭದಲ್ಲಿಯೇ ಹೆಚ್ಚು ಸುಳಿವು ಕೊಡುತ್ತಿತ್ತು. 2016ರ ವರದಿಯಲ್ಲಿ, ಕಾಯಿಲೆ ಮರುಕಳಿಸುವ ಸಾಧ್ಯತೆಯ ಜೊತೆಗೂ ಅದೇ ಅಳತೆಗೆ ಗಟ್ಟಿ ಸಂಬಂಧ ಕಂಡುಬಂತು.

ನಮಗೆ ದೊಡ್ಡದೆನಿಸುವುದು 'ಆರಂಭದಲ್ಲಿಯೇ' ಎಂಬ ಆ ಮಾತು. ಕೂದಲು ಉದುರಿ, ವಾಂತಿಯಾಗಿ, ಊಟ ಸೇರದೆ ತಿಂಗಳುಗಟ್ಟಲೆ ಪಟ್ಟ ಪಾಡು ಫಲಿಸಲಿಲ್ಲ ಎಂದು ಕೊನೆಯಲ್ಲಿ ತಿಳಿಯುವುದಕ್ಕೂ, ಕೆಲವೇ ವಾರಗಳಲ್ಲಿ ತಿಳಿಯುವುದಕ್ಕೂ ಎಷ್ಟು ಅಂತರ!

ಹಾಗೆಂದು ಇದು ಭವಿಷ್ಯವಾಣಿಯಲ್ಲ. ನೂರಾರು ಜನರ ಲೆಕ್ಕದಿಂದ ಬಂದ ಸಂಭವ ಒಬ್ಬ ಅಕ್ಕನ ಮೇಲಿನ ತೀರ್ಪಾಗುವುದಿಲ್ಲ. ಗಡ್ಡೆಯ ಬಗೆಗಳೂ ಬೇರೆ ಬೇರೆ. ಚಿತ್ರದಲ್ಲಿ ಏನೂ ಕಾಣದಿದ್ದರೂ ಸಣ್ಣ ತುಣುಕು ಉಳಿದಿರಬಹುದು. ಅದಕ್ಕೇ ಶಸ್ತ್ರಚಿಕಿತ್ಸೆಯಲ್ಲಿ ತೆಗೆದದ್ದನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಕೆಲಸ ಇಂದಿಗೂ ತಪ್ಪಿಲ್ಲ.

2010ರಲ್ಲಿ ಆರಂಭವಾದ 'ಐ-ಸ್ಪೈ 2' ಒಂದು ಹೆಜ್ಜೆ ಮುಂದೆ ಹೋಯಿತು. ಯಾವ ಬಗೆಯ ಗಡ್ಡೆಗೆ ಯಾವ ಹೊಸ ಔಷಧ ಹೆಚ್ಚು ಹಿಡಿಯುತ್ತಿದೆ ಎಂಬ ಲೆಕ್ಕಕ್ಕೆ ಎಂ.ಆರ್.ಐ. ಅಳತೆಗಳನ್ನೂ ಸೇರಿಸಿಕೊಂಡರು. ಮುಂದೆ ಬರುವ ಮಹಿಳೆಗೆ ಯಾವ ಔಷಧ ಸಿಗುವ ಸಂಭವ ಹೆಚ್ಚು ಎಂಬುದು, ಅವಳಿಗಿಂತ ಮೊದಲು ಆ ಯಂತ್ರದೊಳಗೆ ಕವುಚಿ ಮಲಗಿದ್ದವರ ಚಿತ್ರಗಳನ್ನೂ ಅವಲಂಬಿಸಿತ್ತು.