ಮದುವೆ ಇಲ್ಲದ ದಿನದ ಆಟ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಶಾಲಾ ಮೈದಾನಗಳಲ್ಲಿ ಷಟಲ್ ಆಡಿದವರಿಗೆ ಒಂದು ಸಂಗತಿ ಹೇಳಿಕೊಡಬೇಕಾಗಿಲ್ಲ. ಆಷಾಢದ ಗಾಳಿ ಎದ್ದಿತೆಂದರೆ ಷಟಲ್ ನೀವು ಹೊಡೆದ ಕಡೆಗೆ ಹೋಗುವುದಿಲ್ಲ, ಗಾಳಿ ಬೀಸಿದ ಕಡೆಗೆ ಹೋಗುತ್ತದೆ. ಅದರ ತೂಕ ಸುಮಾರು 5 ಗ್ರಾಂ. ಬೆಂಡಿನ ಬುಡಕ್ಕೆ ಸಿಕ್ಕಿಸಿದ ಹದಿನಾರು ಗರಿಗಳು ಗಾಳಿಯನ್ನು ತಡೆಯಲೆಂದೇ ಇರುವಂಥವು. ನಮ್ಮ ಪ್ರೌಢಶಾಲೆಗಳಲ್ಲಿ ಉಣ್ಣೆಯ ಚೆಂಡಿನ ಬಾಲ್ ಬ್ಯಾಡ್ಮಿಂಟನ್ ಬಯಲಿನಲ್ಲಿ ನಡೆಯುತ್ತದೆ ಎಂದರೆ ಅದಕ್ಕೂ ಕಾರಣ ತೂಕವೇ. ಆ ಚೆಂಡು 27ರಿಂದ 30 ಗ್ರಾಂ ಇರುತ್ತದೆ. ಬ್ಯಾಸ್ಕೆಟ್‌ಬಾಲನ್ನು ನೋಡಿ. 1891ರ ಡಿಸೆಂಬರಿನಲ್ಲಿ, ಅಮೆರಿಕದ ಚಳಿಗಾಲದಲ್ಲಿ, ಹುಡುಗರಿಗೆ ಕಟ್ಟಡದೊಳಗೇ ಆಡಲು ಒಂದು ಆಟ ಬೇಕೆಂದು ಜೇಮ್ಸ್ ನೈಸ್ಮಿತ್ ಅದನ್ನು ರೂಪಿಸಿದರು. ಆದರೆ ಚೆಂಡು ಭಾರವಾದ್ದರಿಂದ ಆಟ ಬೇಗನೆ ಬಯಲಿಗೂ ಬಂದಿತು. ಷಟಲ್‌ಗೆ ಆ ಸೌಕರ್ಯವಿಲ್ಲ. ಸ್ಪರ್ಧೆಯ ಮಟ್ಟಕ್ಕೆ ಆಡಬೇಕಾದರೆ ನಾಲ್ಕು ಗೋಡೆ ಬೇಕು, ಎತ್ತರದ ಸೂರು ಬೇಕು.

ಆ ಸೂರನ್ನು ಒದಗಿಸುವವರು ಯಾರು? ಪ್ರಕಾಶ್ ಪಡುಕೋಣೆಯವರ ಚರಿತ್ರೆಯನ್ನು ಈ ಪ್ರಶ್ನೆಯ ಮೂಲಕ ನೋಡಬಹುದು ಎಂಬುದು ನನ್ನ ಅಭಿಪ್ರಾಯ. ಪದಕಗಳ ಪಟ್ಟಿಯಿಂದ ಮಾತ್ರ ನೋಡಿದರೆ ಅವರ ಬದುಕಿನ ಅರ್ಧ ಭಾಗ ಕಾಣದೆ ಹೋಗುತ್ತದೆ.

ಪ್ರಕಾಶ್ ಹುಟ್ಟಿದ್ದು 1955ರ ಜೂನ್ 10ರಂದು, ಬೆಂಗಳೂರಿನಲ್ಲಿ. ತಂದೆ ರಮೇಶ್ ಪಡುಕೋಣೆಯವರು ಅಂದಿನ ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಗಳಾಗಿದ್ದವರು. ಆದರೂ ಹುಡುಗನಿಗೆ ಆಡಲು ದೊರೆತದ್ದು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಸಭಾಂಗಣ. ಅದು ಮದುವೆಗಳಿಗೆ ಬಾಡಿಗೆಗೆ ಹೋಗುತ್ತಿದ್ದ ಜಾಗ. ಮುಹೂರ್ತವಿದ್ದ ದಿನ ಅಲ್ಲಿ ಚಪ್ಪರ, ವಾದ್ಯ, ಊಟದ ಎಲೆ. ಮುಹೂರ್ತವಿಲ್ಲದ ದಿನ ಬಲೆ ಕಟ್ಟಿ ಆಟ. ಲಗ್ನದ ತಿಂಗಳು ಬಂತೆಂದರೆ ಅಭ್ಯಾಸಕ್ಕೆ ಬಿಡುವು. ಇಂಥ ಜಾಗದಿಂದ ಹೋದ ಹುಡುಗ 1962ರಲ್ಲಿ ರಾಜ್ಯ ಕಿರಿಯರ ಪಂದ್ಯಾವಳಿಯ ಮೊದಲ ಸುತ್ತಿನಲ್ಲೇ ಸೋತ. ಎರಡು ವರ್ಷಗಳ ನಂತರ ಅದೇ ಪ್ರಶಸ್ತಿಯನ್ನು ಗೆದ್ದ. ಹದಿನಾರರ ವಯಸ್ಸಿಗೆ ರಾಷ್ಟ್ರದ ಕಿರಿಯರ ಮತ್ತು ಹಿರಿಯರ ಪ್ರಶಸ್ತಿಗಳೆರಡೂ ಆತನ ಪಾಲಾದವು. 1971ರಿಂದ 1979ರವರೆಗೆ ಸತತವಾಗಿ ಒಂಬತ್ತು ಬಾರಿ ರಾಷ್ಟ್ರೀಯ ಚಾಂಪಿಯನ್ ಆದವರು ಅವರು.

1978ರಲ್ಲಿ ಎಡ್ಮಂಟನ್ನಿನ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ. 1980ರ ಆರಂಭದಲ್ಲಿ ಡೆನ್ಮಾರ್ಕ್ ಮತ್ತು ಸ್ವೀಡನ್ ಓಪನ್ ಪ್ರಶಸ್ತಿಗಳು. ಆ ಬೆನ್ನಿಗೇ ಮಾರ್ಚ್ 23ರಂದು ವೆಂಬ್ಲಿಯಲ್ಲಿ ಆಲ್ ಇಂಗ್ಲೆಂಡ್ ಫೈನಲ್. ಎದುರಾಳಿ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್, ಹಿಂದಿನ ಎರಡು ವರ್ಷಗಳ ವಿಜೇತ, ಸ್ಮ್ಯಾಷ್‌ಗೆ ಹೆಸರಾದವನು. ಪ್ರಕಾಶ್ ಆತನಿಗೆ ಸ್ಮ್ಯಾಷ್ ಹೊಡೆಯುವ ಎತ್ತರದಲ್ಲಿ ಷಟಲ್ ಕೊಡಲೇ ಇಲ್ಲ ಎನ್ನಬಹುದು. ಬಲೆಯ ಹತ್ತಿರ ಮೆಲ್ಲನೆ ಇಳಿಸುವುದು, ಹಿಂದಕ್ಕೆ ಓಡಿಸುವುದು, ಮತ್ತೆ ಮುಂದಕ್ಕೆ ಎಳೆಯುವುದು, ಹೀಗೆಯೇ 15-3, 15-10ರಲ್ಲಿ ಪಂದ್ಯ ಮುಗಿಯಿತು. ಆ ಪ್ರಶಸ್ತಿ ಗೆದ್ದ ಮೊದಲ ಭಾರತೀಯ ಅವರು. 1947ರಲ್ಲಿ ಪ್ರಕಾಶ್ ನಾಥ್ ಫೈನಲ್‌ವರೆಗೆ ಹೋಗಿದ್ದರು. ಮರುವರ್ಷ, ಅಂದರೆ 1981ರಲ್ಲಿ, ಕೌಲಾಲಂಪುರದ ವಿಶ್ವಕಪ್‌ನಲ್ಲಿ ಚೀನಾದ ಹಾನ್ ಜಿಯಾನ್ ಅವರನ್ನು 15-0, 18-16ರಿಂದ ಸೋಲಿಸಿದರು.

ವೆಂಬ್ಲಿಯ ಆ ಪಂದ್ಯದ ದಿನ ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರವೇ ಇರಲಿಲ್ಲ. ಅದು ಬಂದದ್ದು 1981ರ ನವೆಂಬರಿನಲ್ಲಿ. ಕನ್ನಡಿಗರು ಗೆಲುವನ್ನು ರೇಡಿಯೋದಲ್ಲಿ ಕೇಳಿದರು, ಪತ್ರಿಕೆಯಲ್ಲಿ ಓದಿದರು. ಇರಲಿ, ಷಟಲ್ ನಮ್ಮ ಕ್ಯಾಮೆರಾಗಳಿಗೂ ತೊಂದರೆ ಕೊಡುವ ಆಟವೇ. ಗಂಟೆಗೆ 300 ಕಿಲೋಮೀಟರ್ ವೇಗದ ಸ್ಮ್ಯಾಷ್ ಸೆಕೆಂಡಿಗೆ 83 ಮೀಟರ್ ಸಾಗುತ್ತದೆ. ಸೆಕೆಂಡಿಗೆ 25 ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಷಟಲ್ ಮೂರು ಮೀಟರಿಗಿಂತ ಮುಂದೆ ಹೋಗಿರುತ್ತದೆ. ಗರಿಗಳ ತಡೆಯಿಂದ ಆ ವೇಗ ಕ್ಷಣದಲ್ಲೇ ಕುಸಿಯುವುದರಿಂದ ನೋಡುಗರಿಗೆ ಏನಾದರೂ ಕಾಣುತ್ತದೆ! ಪ್ರಕಾಶರ ಆಟದ ಜೀವಾಳವೂ ಈ ಕುಸಿತವನ್ನು ಲೆಕ್ಕ ಹಾಕುವುದರಲ್ಲೇ ಇತ್ತು.

ಇನ್ನು ವೃತ್ತಿಯ ಮಾತು. ಷಟಲ್‌ನಲ್ಲಿ ಬಹುಮಾನದ ಹಣ ಪಡೆದು ಆಡುವ ಪದ್ಧತಿ ಬಂದದ್ದೇ 1970ರ ದಶಕದ ಕೊನೆಯಲ್ಲಿ. ಭಾರತದಲ್ಲಿ ಅಂದಿನ ಆಟಗಾರರಿಗೆ ಬ್ಯಾಂಕಿನಲ್ಲೋ ರೈಲ್ವೆಯಲ್ಲೋ ಕೆಲಸ, ಉಳಿದ ವೇಳೆಯಲ್ಲಿ ಆಟ. ಪ್ರಕಾಶರೂ ಬ್ಯಾಂಕ್ ನೌಕರಿಯಲ್ಲಿದ್ದವರೇ. ಅವರು 1980ರ ದಶಕದ ಮೊದಲ ಭಾಗದಲ್ಲಿ ಕೋಪನ್‌ಹೇಗನ್‌ಗೆ ಹೋಗಿ ನೆಲೆಸಿ, ಅಲ್ಲಿನ ಕ್ಲಬ್ಬಿಗಾಗಿ ಆಡಿ, ಆಟವನ್ನೇ ಜೀವನೋಪಾಯ ಮಾಡಿಕೊಂಡರು. (ಚಿತ್ರನಟಿ ದೀಪಿಕಾ 1986ರಲ್ಲಿ ಹುಟ್ಟಿದ್ದು ಅಲ್ಲಿಯೇ.) ಡೆನ್ಮಾರ್ಕ್ ನಮ್ಮ ರಾಜ್ಯಕ್ಕಿಂತ ಬಹಳ ಚಿಕ್ಕ ದೇಶ. ಅಲ್ಲಿ ಒಳಾಂಗಣಗಳಿದ್ದವು, ಅವು ಕ್ಲಬ್ಬುಗಳ ಕೈಯಲ್ಲಿದ್ದವು, ಸಂಜೆ ಊರಿನ ಮಕ್ಕಳು ಚಾಂಪಿಯನ್ನರ ಪಕ್ಕದಲ್ಲೇ ಆಡುತ್ತಿದ್ದರು. ಮದುವೆ ಮಂಟಪದಲ್ಲಿ ಸರದಿ ಕಾದವರಿಗೆ ಈ ವ್ಯತ್ಯಾಸ ಕಣ್ಣಿಗೆ ಬೀಳದಿರಲು ಸಾಧ್ಯವೇ?

ವೃತ್ತಿಪರ ಆಟಗಾರ ತನ್ನ ಗಳಿಕೆಯನ್ನು ಸಮಾಜಕ್ಕೆ ಹಿಂತಿರುಗಿಸುವ ದೊಡ್ಡ ನಿದರ್ಶನಗಳು ಬ್ಯಾಸ್ಕೆಟ್‌ಬಾಲ್‌ನಲ್ಲಿ ಸಿಗುತ್ತವೆ. ಕಾಂಗೋ ದೇಶದ ಡಿಕೆಂಬೆ ಮುಟೊಂಬೊ ವೈದ್ಯನಾಗಬೇಕೆಂದು 1987ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ಎನ್‌ಬಿಎ ಲೀಗಿನಲ್ಲಿ ಹೆಸರು ಮಾಡಿದ ಆಟಗಾರ. ಆತ ತನ್ನ ಸ್ವಂತ ಹಣದ ಬಹುದೊಡ್ಡ ಪಾಲನ್ನು ಹಾಕಿ ಕಿನ್ಶಾಸಾ ನಗರದಲ್ಲಿ ಕಟ್ಟಿಸಿದ, ತಾಯಿಯ ಹೆಸರಿನ ಆಸ್ಪತ್ರೆ 2007ರಲ್ಲಿ ರೋಗಿಗಳಿಗೆ ತೆರೆಯಿತು. 2024ರಲ್ಲಿ ಮುಟೊಂಬೊ ತೀರಿಕೊಂಡಾಗ ಜಗತ್ತು ಆಟದಷ್ಟೇ ಆ ಆಸ್ಪತ್ರೆಯನ್ನೂ ನೆನೆಯಿತು. ಆದರೆ 1980ರ ಷಟಲ್ ಬಹುಮಾನಗಳಿಂದ ಆಸ್ಪತ್ರೆ ಕಟ್ಟಲಾಗುತ್ತಿರಲಿಲ್ಲ. ಪ್ರಕಾಶರ ಬಳಿ ಇದ್ದದ್ದು ವಿದ್ಯೆ, ಹೆಸರು ಮತ್ತು ಸಮಯ. ಹಣವನ್ನು ಬೇರೆಯವರಿಂದ ತರಬೇಕಾಗಿತ್ತು.

1994ರಲ್ಲಿ ಅವರು ವಿಮಲ್ ಕುಮಾರ್ ಮತ್ತು ವಿವೇಕ್ ಕುಮಾರ್ ಜೊತೆಗೂಡಿ, ಬಿಪಿಎಲ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಅಕಾಡೆಮಿ ಆರಂಭಿಸಿದರು. ಆಯ್ಕೆಯಾದ ಮಕ್ಕಳಿಗೆ ಅಂಗಣ, ತರಬೇತಿ, ಷಟಲ್ ಎಲ್ಲವೂ ಒಂದೇ ಕಡೆ, ವರ್ಷವಿಡೀ. ಆಂಧ್ರದಿಂದ ಬಂದ ಪುಲ್ಲೇಲ ಗೋಪಿಚಂದ್ ಎಂಬ ಯುವಕ ಮೊದಲ ವರ್ಷಗಳಲ್ಲೇ ಇಲ್ಲಿದ್ದರು. ಮೊಣಕಾಲಿನ ಗಾಯ, ಶಸ್ತ್ರಚಿಕಿತ್ಸೆ, ಆಟವೇ ಮುಗಿಯಿತೆಂಬ ಸ್ಥಿತಿ. ಅದನ್ನೆಲ್ಲ ದಾಟಿ 2001ರಲ್ಲಿ ಚೆನ್ ಹಾಂಗ್ ವಿರುದ್ಧ ಗೆದ್ದು ಆಲ್ ಇಂಗ್ಲೆಂಡ್ ಪ್ರಶಸ್ತಿ ತಂದರು. ಅದೇ ವರ್ಷ ಪ್ರಕಾಶ್ ಬಿಲಿಯರ್ಡ್ಸ್ ಆಟಗಾರ ಗೀತ್ ಸೇಥಿಯವರೊಡನೆ ಒಲಿಂಪಿಕ್ ಗೋಲ್ಡ್ ಕ್ವೆಸ್ಟ್ ಸಂಸ್ಥೆಗೆ ಅಡಿಪಾಯ ಹಾಕಿದರು. ಬೇರೆ ಬೇರೆ ಆಟಗಳ ಕ್ರೀಡಾಪಟುಗಳಿಗೆ ಹಣದ ಮತ್ತು ತರಬೇತಿಯ ನೆರವು ಒದಗಿಸುವುದು ಅದರ ಕೆಲಸ.

ನಡುವೆ ಜಗಳವೂ ಆಯಿತು. ಆಟದ ಆಡಳಿತ ಆಟಗಾರರ ಹಿತ ನೋಡುತ್ತಿಲ್ಲವೆಂದು 1997ರಲ್ಲಿ ಪ್ರಕಾಶರ ಮುಂದಾಳತ್ವದಲ್ಲಿ ಪ್ರಮುಖ ಆಟಗಾರರು ಪ್ರತ್ಯೇಕ ಒಕ್ಕೂಟವನ್ನೇ ಕಟ್ಟಿದರು. ಮೃದುಭಾಷಿಯೆಂದು ಹೆಸರಾದ ವ್ಯಕ್ತಿ ಇಷ್ಟು ದೂರ ಹೋದರಲ್ಲ ಎಂದು ಹಲವರಿಗೆ ಅಚ್ಚರಿ. ನಂತರ ರಾಜಿಯಾಗಿ, ಅವರು ಸ್ವಲ್ಪ ಕಾಲ ರಾಷ್ಟ್ರೀಯ ಸಂಸ್ಥೆಯಲ್ಲೇ ಹೊಣೆ ಹೊತ್ತು, ಹೊರಬಂದರು. ಕಚೇರಿಯ ರಾಜಕೀಯದಲ್ಲಿ ಅವರು ಗೆದ್ದರೆಂದು ನಾನು ಹೇಳಲಾರೆ. ಅಂಗಣಕ್ಕೆ ಮರಳಿದ್ದು ಆಟಕ್ಕೆ ಲಾಭವಾಯಿತು. ಗೋಪಿಚಂದ್ 2008ರಲ್ಲಿ ಹೈದರಾಬಾದಿನಲ್ಲಿ ತಮ್ಮದೇ ಅಕಾಡೆಮಿ ತೆರೆದರು. ಸೈನಾ ನೆಹ್ವಾಲ್, ಪಿ.ವಿ. ಸಿಂಧು ಅವರ ಒಲಿಂಪಿಕ್ ಪದಕಗಳ ಹಿಂದೆ ಈ ಎರಡನೆಯ ಪೀಳಿಗೆಯ ಕೆಲಸವಿದೆ.

ಆದರೂ ಮೊದಲಿನ ಪ್ರಶ್ನೆ ಪೂರ್ತಿ ತೀರಿಲ್ಲ. ಪ್ರಕಾಶರ ಅಕಾಡೆಮಿಯಲ್ಲಿ ಬೆಳೆದು 2022ರ ಆಲ್ ಇಂಗ್ಲೆಂಡ್ ಫೈನಲ್ ತಲುಪಿದ ಲಕ್ಷ್ಯ ಸೇನ್ ಹಿಮಾಲಯದ ಅಲ್ಮೋರಾದವರು. ಎರಡು ಸಾವಿರ ಕಿಲೋಮೀಟರ್ ದಾಟಿ ಬಾಲ್ಯದಲ್ಲೇ ಬೆಂಗಳೂರಿಗೆ ಬಂದರು. ಹಡಗಲಿಯಿಂದ ಬೆಂಗಳೂರು ಮುನ್ನೂರು ಕಿಲೋಮೀಟರ್ ಆಸುಪಾಸು ಅಷ್ಟೇ. ಲಕ್ಷ್ಯರ ತಂದೆ ಸ್ವತಃ ಷಟಲ್ ತರಬೇತುದಾರರು. ಆರಂಭದ ವರ್ಷಗಳ ಪಾಠ ಊರಿನಲ್ಲೇ, ಸೂರಿನಡಿಯಲ್ಲೇ ಆಗಿತ್ತು. ಅಕಾಡೆಮಿಯ ಆಯ್ಕೆಗೆ ನಿಲ್ಲುವ ಮಗು ಅಷ್ಟು ಕಲಿತೇ ಬಂದಿರಬೇಕಾಗುತ್ತದೆ. ನಮ್ಮ ಐದು ತಾಲ್ಲೂಕುಗಳಲ್ಲಿ ಆ ಮೊದಲ ಪಾಠ ಬಹಳಷ್ಟು ಮಕ್ಕಳಿಗೆ ಇಂದಿಗೂ ಗಾಳಿಯಲ್ಲೇ ನಡೆಯಬೇಕು. ಕಲ್ಯಾಣ ಮಂಟಪಗಳಂತೂ ಈಗ ಪ್ರತಿ ಊರಿನಲ್ಲೂ ಇವೆ, ಮತ್ತು ಆಷಾಢದಲ್ಲಿ ಅವು ಖಾಲಿಯಾಗಿರುತ್ತವೆ.